ಔರಾದಿನ ಪಾಲು

ಕರುಣಾಳಿಗೆ ಕಂಪ್ಯೂಟರ್ ಕೆಲಸವನ್ನು ಯಾರೂ ಕರೆದು ಕೊಟ್ಟದ್ದಲ್ಲ. ಅದು ಬಂದು ಕೊರಳಿಗೆ ಬಿತ್ತು, ಅವಳು ಹೊತ್ತುಕೊಂಡಳು. ಅವಳ ತಾಯಿ ಗ್ಲೋರಿ ಬೀದರದ ಡಾಕ್ಟರ್ ಫಕ್ರೋದ್ದೀನರ ಟ್ರಸ್ಟ್ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ನರ್ಸ್. ನಿಂತು ನಿಂತು ಕಾಲಿನ ನರ ಉಬ್ಬಿಸಿಕೊಂಡವಳು. ಮಗಳು ಹತ್ತನೇ ತರಗತಿ ಪಾಸಾದದ್ದೇ ತಡ, "ನನ್ನಂಗ ನಿಂತು ಸಾಯಬ್ಯಾಡ, ಕುರ್ಚಿ ಮ್ಯಾಲ ಕೂತು ದುಡಿ" ಎಂದು ಚೌಬಾರದ ಹತ್ತಿರದ ಟೈಪಿಂಗ್ ಕ್ಲಾಸಿಗೆ ನೂಕಿದಳು. ಟೈಪು ಕಲಿತ ಕರುಣಾ ಅದೇ ಆಸ್ಪತ್ರೆಯ ಆಫೀಸಿಗೆ ಬಂದಳು. ಕೆಲವು ವರ್ಷಕ್ಕೆ ಟೈಪ್‌ರೈಟರ್ ಗುಜರಿಗೆ ಹೋಯಿತು, ಅದರ ಜಾಗದಲ್ಲಿ ಕಂಪ್ಯೂಟರ್ ಕುಳಿತಿತು. ಅದಕ್ಕೆ ಹೆದರಿದವರು ಬಿಟ್ಟು ಹೋದರು. ಹೋಗು ಎಂದು ಯಾರೂ ಹೇಳಲಿಲ್ಲವೆಂದು ಕರುಣಾ ಉಳಿದಳು. ಹಾಗೆ ಉಳಿದವಳು ತಲೆ ನರೆಯುವ ಹೊತ್ತಿಗೆ 'ಸಿಸ್ಟಮ್ ಮೇಡಂ' ಆಗಿದ್ದಳು.

ಸಿಸ್ಟಮ್ ಮೇಡಂ ಎಂದರೆ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಅವಳೇ, ಡಾಕ್ಟರಿಗೆ ಪಾಸ್‌ವರ್ಡ್ ಮರೆತರೂ ಅವಳೇ, ಇಲಿ ವೈರು ಕಡಿದರೂ ಅವಳೇ. ಹಿಂದೆ ಹಾಸಿಗೆ ಬಟ್ಟೆ ಇಡುತ್ತಿದ್ದ ಕೋಣೆಯಲ್ಲಿ ಸರ್ವರ್ ಇಟ್ಟಿದ್ದರು. ಸರ್ವರಿಗೆ ಎ.ಸಿ., ಪಕ್ಕದ ಕೋಣೆಯ ಕರುಣಾಳಿಗೆ ಕಿರಗುಟ್ಟುವ ಫ್ಯಾನು. ಭಾಲ್ಕಿಯಲ್ಲೂ ಔರಾದಿನಲ್ಲೂ ಆಸ್ಪತ್ರೆಯ ಶಾಖೆಗಳಿದ್ದವು. ಅಲ್ಲಿ ಟೈಪು ಮಾಡಿದ್ದೆಲ್ಲ ಲೈನಿನಲ್ಲಿ ಹರಿದು ಬಂದು ಬೀದರದ ಈ ಪೆಟ್ಟಿಗೆಯೊಳಗೆ ಬೀಳುತ್ತಿತ್ತು. 'ಕಾಗದವಿಲ್ಲದ ಆಸ್ಪತ್ರೆ' ಎಂದು ಗೇಟಿನ ಮೇಲೆ ಬೋರ್ಡು ಬೇರೆ. ಟ್ರಸ್ಟಿನವರಿಗೆ ಆ ಬೋರ್ಡಿನ ಮೇಲಿದ್ದ ಪ್ರೀತಿ ಪೆಟ್ಟಿಗೆಯ ಮೇಲೆ ಇರಲಿಲ್ಲ.

ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆಂದು ಕರುಣಾಳಿಗೆ ಹೇಳಿದವನು ಲೋಹಿತ. ಸಾಫ್ಟ್‌ವೇರ್ ಕೊಟ್ಟ ಕಂಪನಿಯ ಇಂಜಿನಿಯರ್, ಮಂಡ್ಯದ ಕಡೆಯವನು, ಒಳ್ಳೆಯ ಮನುಷ್ಯ. ಇಂಗ್ಲಿಷಿನಲ್ಲಿ ಹೇಳಿ ಜನರನ್ನು ಹೆದರಿಸಬಾರದು, ಕನ್ನಡದಲ್ಲಿ ಹೇಳಿದರೆ ಎಂಥವರಿಗೂ ತಿಳಿಯುತ್ತದೆ ಎಂಬ ಹಟ ಅವನದು. "ಮೇಡಂ, ನೀವು ಏನೇ ಬರೆದರೂ ಅದು ನೇರವಾಗಿ ದೊಡ್ಡ ಕಡತಕ್ಕೆ ಹೋಗಲ್ಲ. ಮೊದಲು ಲಾಗ್ ಅನ್ನೋದರಲ್ಲಿ ಬೀಳುತ್ತೆ, ಆಮೇಲೆ ನಿಧಾನಕ್ಕೆ ಒಳಗೆ ಇಳಿಯುತ್ತೆ. ನಡುವೆ ಕರೆಂಟ್ ಹೋದರೂ ಲಾಗ್ ನೋಡಿಕೊಂಡು ಮತ್ತೆ ಬರೆದುಕೊಳ್ಳುತ್ತೆ. ನಿಮ್ಮ ಮಷೀನು ಹಳೆಯದು, ಡಿಸ್ಕ್ ನಿಧಾನ. ಅದಕ್ಕೆ ಒಳಗೆ ಇಳಿಸೋ ಕೆಲಸ ದಿನಕ್ಕೊಂದು ಸಲ ಇಟ್ಟಿದ್ದೀನಿ." ಇನ್ನೊಂದು ಮಾತನ್ನೂ ಹೇಳಿದ. ಎಲ್ಲದರ ಒಂದು ಪ್ರತಿ ಔರಾದಿನ ಕಂಪ್ಯೂಟರಿಗೆ ಹೋಗುತ್ತದೆ, ಬೀದರಕ್ಕೆ ಏನಾದರೂ ಆದರೆ ಇರಲಿ ಎಂದು. ಒಳಗೆ ಇಳಿದದ್ದೂ ಆಯಿತು, ಔರಾದಿಗೆ ಮುಟ್ಟಿದ್ದೂ ಆಯಿತು ಎಂದು ಖಾತ್ರಿಯಾದ ಮೇಲೆಯೇ ಲಾಗ್ ಆ ಜಾಗವನ್ನು ಬಿಟ್ಟುಕೊಡುವುದು. ಔರಾದು ಒಯ್ಯದಿದ್ದರೆ ಬಿಡುವುದಿಲ್ಲ, ಕಾಯುತ್ತದೆ. "ಔರಾದು ಇನ್ನು ಬರೋದೇ ಇಲ್ಲ ಅಂತ ನಾವೇ ಅದಕ್ಕೆ ಹೇಳಬೇಕು. ಆಗ ಕೈ ಬಿಡುತ್ತೆ."

ಕರುಣಾ ಇದನ್ನು ತನ್ನ ರೀತಿಯಲ್ಲಿ ತಿಳಿದುಕೊಂಡಳು. ತಾಯಿ ಡ್ಯೂಟಿಯಿಂದ ಬರುವುದು ತಡವಾದಾಗ ಮನೆಯಲ್ಲಿ ಅವಳ ಪಾಲಿನ ರೊಟ್ಟಿ ಬುಟ್ಟಿಯಲ್ಲಿ ಎತ್ತಿಡುತ್ತಿದ್ದರು, ಎಷ್ಟು ಹಸಿವಾದರೂ ಅದನ್ನು ಮುಟ್ಟುವಂತಿರಲಿಲ್ಲ. ಲಾಗ್ ಎಂದರೆ ಅದೇ, ಔರಾದಿನ ಪಾಲಿನ ರೊಟ್ಟಿಯ ಬುಟ್ಟಿ. ತಿಳಿವಳಿಕೆ ತಪ್ಪಲ್ಲ, ಆದರೆ ಅರ್ಧ. ಮನೆಯವರಿಗಾಗಿ ಆಗ ತಾನೇ ಬೇಯಿಸಿದ ಬಿಸಿ ರೊಟ್ಟಿಯೂ ಮೊದಲು ಅದೇ ಬುಟ್ಟಿಗೆ ಬೀಳುತ್ತದೆ ಎಂಬ ಮಾತು ಅವಳ ತಲೆಯಲ್ಲಿ ನಿಲ್ಲಲಿಲ್ಲ. ಅರ್ಧ ಕಲಿತವರ ಗತಿ ಇಷ್ಟೇ ನೋಡಿ, ಏನೂ ಕಲಿಯದವನು ಕೈ ಕಟ್ಟಿ ಕೂರುತ್ತಾನೆ, ಪೂರ್ತಿ ಕಲಿತವನು ಸರಿಯಾಗಿ ಮಾಡುತ್ತಾನೆ, ಕೆಡಿಸುವವನು ನಡುವಿನವನು.

ಮಳೆಗಾಲದಲ್ಲಿ ಸಿಡಿಲು ಬಡಿದು ಔರಾದಿನ ಕಂಪ್ಯೂಟರ್ ಬಂದ್ ಆಯಿತು. ಅಲ್ಲಿನ ಕಂಪೌಂಡರ್ ಹಬೀಬ ಫೋನು ಮಾಡಿ, "ಅಕ್ಕಾ, ಒಮ್ಮಿ ಚಾಲೂ ಆಗ್ತದ, ಒಮ್ಮಿ ಇಲ್ಲ. ಹೊಸಾದು ಕಳಸ್ರಿ" ಎಂದ. ಕರುಣಾ ಮ್ಯಾನೇಜರ್ ಅಬ್ದುಲ ಮಜೀದರ ಮುಂದೆ ನಿಂತಳು. "ಸಾಹೇಬ್ರೆ, ಔರಾದ ಬಂದ್ ಆಗ್ಯಾದ. ಅದರ ಪಾಲು ಇಲ್ಲೇ ಜಮಾ ಆಗ್ಲಾಕತ್ತದ. ಡಿಸ್ಕ್ ತುಂಬ್ತದರಿ."

"ನೋಡಮು ಬಾಯಿ, ನೋಡಮು" ಎಂದರು ಮಜೀದ ಸಾಹೇಬರು. ಅವರು ನೋಡಿದ್ದು ಮೊಬೈಲನ್ನು. ಮಳೆಗಾಲ ಮುಗಿಯಿತು, ಕಬ್ಬು ಕಡಿಯುವ ಕಾಲ ಬಂತು, ಔರಾದು ಬಾಯಿ ಮುಚ್ಚಿಕೊಂಡೇ ಇತ್ತು. ಬೀದರದ ಡಿಸ್ಕಿನಲ್ಲಿ ಔರಾದಿನ ಪಾಲು ದಿನ ದಿನ ಏರಿತು. ಕರುಣಾ ಹಳೆಯ ಫೈಲುಗಳನ್ನು ಹುಡುಕಿ ಹುಡುಕಿ ಅಳಿಸಿ ಜಾಗ ಮಾಡಿಕೊಡುತ್ತಿದ್ದಳು. ಅಳಿಸಿದ್ದು ಕಸದ ಬುಟ್ಟಿಗೆ ಹೋದರೆ ಜಾಗ ಸಿಗುವುದಿಲ್ಲ, ಬುಟ್ಟಿಗೂ ಹೋಗದಂತೆ ಅಳಿಸಬೇಕು ಎಂಬುದನ್ನೂ ಆಗಲೇ ಕಲಿತಳು. ಕಲಿಯದೆ ಇದ್ದಿದ್ದರೆ ಚೆನ್ನಾಗಿತ್ತು.

ಒಂದು ಬೆಳಗ್ಗೆ ಬಂದು ನೋಡಿದರೆ ಸಿಸ್ಟಮ್ ನಿಂತಿತ್ತು. ಕೌಂಟರಿನಲ್ಲಿ ಗದ್ದಲ. ಆ ಗದ್ದಲದ ನಡುವೆ ಒಬ್ಬ ಹೆಂಗಸು ಚೀಟಿ ಹಿಡಿದು ನಿಂತಿದ್ದಳು, ತಲೆಯ ಮೇಲೆ ಸೆರಗು, ಕೈಯಲ್ಲಿ ಗಂಟು. ಕಮಠಾಣದ ಜನಾಬಾಯಿ, ಕುರಿ ಸಾಕುವ ಮನೆಯವಳು. ಚೀಟಿಯಲ್ಲಿ ಭಾಲ್ಕಿ ಶಾಖೆಯ ನರ್ಸ್ ಶಾಕಿರಾ ಬೇಗಂ ಬರೆದಿದ್ದಳು: ಕರುಣಾ ಅಕ್ಕನನ್ನು ಕಾಣುವುದು.

"ನನ್ನ ಮಗ ರವಿಕಿರಣ ಅಕ್ಕೋರೆ" ಎಂದು ಜನಾಬಾಯಿ ಶುರು ಮಾಡಿದಳು. "ಮಾತು ಬರಂಗಿಲ್ಲ ಅವಂಗ. ಫಿಟ್ಸ್ ಬರ್ತದ. ಔರಾದಕ ಬೀಗರ ಮನಿಗಿ ಕರಕೊಂಡು ಹೋಗಿದ್ದೆ. ಬಸ್‌ಸ್ಟ್ಯಾಂಡನಾಗ ನೀರು ತರ್ಲಾಕ ಹೋದೆ, ಬಂದು ನೋಡಿದ್ರ ಇಲ್ಲ. ಭಾಲ್ಕಿ ಬಸ್ ಹತ್ಯಾನಂತ. ಹುಡಕಿ ಹುಡಕಿ ನಿನ್ನಿ ಸಂಜಿಕಿ ಭಾಲ್ಕಿ ದವಾಖಾನಿಗಿ ಹೋದ್ರ, ಇಲ್ಲೇ ಇದ್ದ, ಮಧ್ಯಾಹ್ನ ಯಾರೋ ಬಂದು ಕರಕೊಂಡು ಹ್ವಾದ್ರು ಅಂತಾರ."

ಕರುಣಾ ಶಾಕಿರಾಗೆ ಫೋನು ಹಚ್ಚಿದಳು. ಶಾಕಿರಾ ಅಳುತ್ತಲೇ ಹೇಳಿದಳು. ರಸ್ತೆಯಲ್ಲಿ ಬಿದ್ದಿದ್ದ ಹುಡುಗನನ್ನು ಆಟೋದವರು ತಂದು ಹಾಕಿದ್ದರು. ಹೆಸರಿಲ್ಲ, ಊರಿಲ್ಲ. ಗುಣವಾದ ಮೇಲೆ ಒಬ್ಬ ಮನುಷ್ಯ ಬಂದು, ಇವನು ನಮ್ಮ ಕಬ್ಬು ಕಡಿಯುವ ಗ್ಯಾಂಗಿನ ಹುಡುಗ ಎಂದ. "ಹುಡಗ ಅವನ ಕೈ ಹಿಡದು ನಕ್ಕ ಅಕ್ಕಾ. ನಗ್ತಿದ್ದವನಿಗಿ ಹ್ಯಾಂಗ ತಡೀಲಿ? ಆದ್ರೂ ನಾ ಸುಮ್ಮ ಬಿಡಲಿಲ್ಲ. ಅವನ ಕಾರ್ಡಿಂದು ಫೋಟೋ ಕಂಪ್ಯೂಟರಿನ ಕ್ಯಾಮೆರಾದಾಗೇ ಹೊಡದೆ, ಫೋನ್ ನಂಬರ್ ತಗೊಂಡೆ, ಎಲ್ಲಾ ಸೀದಾ ಸಿಸ್ಟಮ್‌ನಾಗೇ ಹಾಕೀನಿ. ಕಾರ್ಡ್ ಮರಾಠಿದಾಗ ಇತ್ತು, ನನಗ ಓದ್ಲಾಕ ಬರಲಿಲ್ಲ. ಏನೋ ಪಾಟೀಲ ಅಂದ."

ಏನೋ ಪಾಟೀಲ! ಗಡಿಯ ಆಚೆ ಕಣ್ಣು ಮುಚ್ಚಿ ಕಲ್ಲು ಎಸೆದರೂ ಅದು ಯಾರೋ ಒಬ್ಬ ಪಾಟೀಲನ ಅಂಗಳದಲ್ಲೇ ಬೀಳುತ್ತದೆ.

"ಅದ್ರಾಗ ಎಲ್ಲಾ ಅದ ಅಂತಲ್ಲರಿ" ಎಂದು ಜನಾಬಾಯಿ ಕರುಣಾಳ ಮೇಜಿನ ಕಂಪ್ಯೂಟರನ್ನು ತೋರಿಸಿದಳು. "ಅದನ್ನ ತೆಗೀರಿ ಅಕ್ಕೋರೆ. ನಿಮ್ಮ ಕಾಲ ಬೀಳ್ತೇನಿ, ತೆಗೀರಿ."

ಲೋಹಿತ ಬರಬೇಕೆಂದರೆ ರೈಲು ಹತ್ತಿ ಬರಬೇಕು, ಅಲ್ಲಿಯವರೆಗೆ ಕಾಯಿರಿ ಎನ್ನುವುದು ಸಿಸ್ಟಮ್ ನಿಂತಾಗಿನ ಕ್ರಮ. ಬೇರೆ ದಿನವಾಗಿದ್ದರೆ ಕಾಯುತ್ತಿದ್ದಳು. ಆದರೆ ಆ ಹುಡುಗ ನಿನ್ನೆಯಷ್ಟೇ ಹೋದವನು. ಈಗಲೇ ನಂಬರ್ ಸಿಕ್ಕರೆ ಗ್ಯಾಂಗು ಇನ್ನೂ ಗಡಿಯಾಚೆಯ ಉದಗೀರವನ್ನೂ ದಾಟಿರಲಿಕ್ಕಿಲ್ಲ. ತಡವಾದರೆ ಕಬ್ಬಿನ ಗದ್ದೆಗಳಲ್ಲಿ ಮಾತು ಬಾರದ ಹುಡುಗನನ್ನು ಯಾರು ಹುಡುಕುತ್ತಾರೆ, ಯಾರು ಬಿಡುತ್ತಾರೆ? "ಕೂಡು ಜನಾಬಾಯಿ, ಈಗ ಮಾಡ್ತೇನಿ" ಎಂದವಳೇ ಸರ್ವರ್ ಕೋಣೆಗೆ ಹೋಗಿ ಲೋಹಿತನಿಗೆ ಫೋನು ಮಾಡಿದಳು.

"ಗಾಬರಿಯಾಗಬೇಡಿ ಮೇಡಂ, ಫೋನಲ್ಲೇ ಮಾಡಿಸ್ತೀನಿ" ಎಂದ ಲೋಹಿತ. "ಡೇಟಾ ಇರೋ ಜಾಗಕ್ಕೆ ಹೋಗಿ. ಲಾಗ್ ಅಂತ ಒಂದು ಫೋಲ್ಡರ್ ಕಾಣುತ್ತಾ?"

"ಕಾಣಸ್ತದರಿ. ಡಿಸ್ಕ್ ಪೂರಾ ಅದೇ ತಿಂದು ಕೂತದ."

"ಹಾಂ, ಅದೇ ಕಳ್ಳ. ಅದನ್ನ ತೆಗೀರಿ."

ಕರುಣಾ ಮೌಸಿನಿಂದ ಕೈ ಎತ್ತಿದಳು. "ಅದ್ರಾಗ ಔರಾದಿನ ಪಾಲು ಅದಲ್ಲರಿ?"

"ಔರಾದಿಂದು ಆಮೇಲೆ ನೋಡೋಣ, ಮೊದಲು ಅದನ್ನ ತೆಗೀರಿ."

"ಪೂರಾ ತೆಗೀಲೇನ್ರಿ?"

"ಹೂಂ, ತೆಗೀರಿ ಮೇಡಂ. ತೆಗೆದು ಹೇಳಿ, ಮುಂದಿನದು ಹೇಳ್ತೀನಿ."

ಈಗ ಈ ಹಾಳು ಮಾತಿನ ಬಗ್ಗೆ ಸ್ವಲ್ಪ ಹೇಳದೆ ಗತ್ಯಂತರವಿಲ್ಲ. ತೆಗೆಯುವುದು ಎಂದರೆ ಬಾಗಿಲು ತೆಗೆಯುವುದೂ ಹೌದು, ಕಲ್ಲು ತೆಗೆಯುವುದೂ ಹೌದು. ಬೀದರದಲ್ಲಿ ಬಾಗಿಲು ತೆಗಿ ಎನ್ನುತ್ತಾರೆ, ಜನಾಬಾಯಿಯಂಥವರು ಕಂಪ್ಯೂಟರಿಗೂ ಹಾಗೇ ಅನ್ನುತ್ತಾರೆ. ಆದರೆ ಆಫೀಸಿನಲ್ಲಿ ಕೂತವರು ಮಾತ್ರ ಫೈಲನ್ನು ಎಂದೂ 'ತೆಗೆಯುವುದಿಲ್ಲ'. ಓಪನ್ ಮಾಡ್ರಿ ಎನ್ನುತ್ತಾರೆ, ಇಲ್ಲವೇ ಖೋಲ್ರಿ. ಫೈಲು ತೆಗೀರಿ ಎಂದರೆ ಅವರ ಬಾಯಲ್ಲಿ ಅದಕ್ಕೆ ಒಂದೇ ಅರ್ಥ. ಲೋಹಿತ ಓಪನ್ ಎಂದಿದ್ದರೆ ಅವಳಿಗೆ ತಿಳಿಯುತ್ತಿತ್ತು. ಮೇಡಂಗೆ ಸುಲಭವಾಗಲಿ ಎಂದು ಅಚ್ಚ ಕನ್ನಡದಲ್ಲಿ ಹೇಳಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಕರುಣಾ ಅಳಿಸಿದಳು. ಬುಟ್ಟಿಗೂ ಹೋಗದಂತೆ ಅಳಿಸಿದಳು. ಖಾಯಂ ಆಗಿ ಅಳಿಸಲೇ ಎಂದು ಯಂತ್ರ ಕೇಳಿತು. ಕಲ್ಲಿನಂಥ ಯಂತ್ರಕ್ಕೂ ಒಮ್ಮೆ ಕೇಳಬೇಕು ಅನ್ನಿಸಿತ್ತು! ಹೌದು ಎಂದು ಒತ್ತಿದಳು. ಡಿಸ್ಕು ಕ್ಷಣದಲ್ಲಿ ಹಗುರಾಯಿತು. ಅವಳಿಗೆ ಎದೆಯ ಮೇಲಿನ ಭಾರ ಇಳಿದಂತಾಗಿ, "ತೆಗದೆರಿ" ಎಂದಳು.

"ಒಳಗೆ ಏನೇನಿದೆ, ಓದಿ."

"ಒಳಗ ಏನ್ ಇರ್ತದರಿ? ತೆಗದೆನಲ್ಲರಿ."

ಆ ಕಡೆ ಲೋಹಿತನಿಗೆ ಆದದ್ದು ತಿಳಿಯಿತು. ಮೆಲ್ಲಗೆ, "ಮೇಡಂ, ಇನ್ನೇನನ್ನೂ ಮುಟ್ಟಬೇಡಿ. ನಾನು ಹೊರಟು ಬರ್ತೀನಿ" ಎಂದ.

ಬಂದ. ಕೂತು ಪೆಟ್ಟಿಗೆಗೆ ಮತ್ತೆ ಜೀವ ತುಂಬಿದ. ವರ್ಷಗಳ ದಾಖಲೆ ಎಲ್ಲ ಹಾಗೆಯೇ ಸಿಕ್ಕಿತು, ಹುಟ್ಟಿದವರು, ಸತ್ತವರು, ಸಕ್ಕರೆ ಕಾಯಿಲೆಯವರು, ಎಲ್ಲರೂ. ಸಿಗದೆ ಹೋದದ್ದು ಕೊನೆಯ ಒಂದು ದಿನದ್ದು ಮಾತ್ರ. ಆ ದಿನ ಬರೆದದ್ದು ಇನ್ನೂ ಒಳಗೆ ಇಳಿದಿರಲಿಲ್ಲ, ಲಾಗಿನಲ್ಲೇ ಇತ್ತು. ಬಿಸಿ ರೊಟ್ಟಿ. ಔರಾದು ಇನ್ನು ಬರುವುದಿಲ್ಲ ಎಂದು ಲೋಹಿತ ಸರ್ವರಿಗೆ ಹೇಳಿಯೂ ಆಯಿತು. ಅಂದಿನಿಂದ ಅದು ಯಾರ ಪಾಲನ್ನೂ ಎತ್ತಿಡುವುದಿಲ್ಲ.

ಮಜೀದ ಸಾಹೇಬರಿಗೆ ಖುಷಿಯೋ ಖುಷಿ. "ಒಂದು ದಿನದ್ದು ತಾನೇ ಬಾಯಿ? ಖುದಾನ ಮೆಹರಬಾನಿ ಅನ್ರಿ. ಔಷಧ ಅಂಗಡಿ ಬಿಲ್ ನೋಡಿ ಮತ್ತ ಟೈಪ್ ಹೊಡದು ಬಿಡಮು." ಹೊಡೆದರು. ಭಾಲ್ಕಿಯವರು ಇಂಜೆಕ್ಷನ್ನುಗಳನ್ನು, ಗುಳಿಗೆಗಳನ್ನು ನೆನಪು ಮಾಡಿಕೊಂಡು ಮತ್ತೆ ಬರೆದರು. ಹೆಸರಿಲ್ಲದ ಹುಡುಗನಿಗೆ ಕೊಟ್ಟ ಗುಳಿಗೆಯೂ ಮತ್ತೆ ದಾಖಲಾಯಿತು. ಅವನ ಕೈ ಹಿಡಿದು ಕರೆದೊಯ್ದವನ ಕಾರ್ಡು, ನಂಬರು ಮಾತ್ರ ಯಾರ ನೆನಪಿನಲ್ಲೂ ಇರಲಿಲ್ಲ. ಭಾಲ್ಕಿ ಗೇಟಿನ ಕ್ಯಾಮೆರಾ ನೋಡೋಣವೆಂದರೆ ಅದು ಕಳ್ಳರನ್ನು ಹೆದರಿಸಲು ತೂಗು ಹಾಕಿದ ಬರೀ ಡಬ್ಬಿ. ಪೊಲೀಸರು ದೂರು ಬರೆದುಕೊಂಡರು, ತಾಯಿ ಕೊಟ್ಟ ಹುಡುಗನ ಫೋಟೋ ಹಂಚಿದರು. ಪಾಟೀಲ ಎಂಬ ಒಂದು ಹೆಸರು ಹಿಡಿದು ಅವರಾದರೂ ಎಲ್ಲಿಗೆ ಹೋದಾರು? ಲೋಹಿತ ಹೊರಡುವಾಗ ತಪ್ಪು ತನ್ನದೇ ಎಂದು ಎರಡು ಸಲ ಹೇಳಿದ. ಕರುಣಾಳಿಗೆ ಅವನ ಮೇಲೆ ಸಿಟ್ಟೂ ಬರಲಿಲ್ಲ. ಸಿಟ್ಟು ಬಂದಿದ್ದರೆ ಒಂದಿಷ್ಟು ಭಾರವನ್ನಾದರೂ ಅವನ ತಲೆಗೆ ದಾಟಿಸಬಹುದಿತ್ತು.

ಜನಾಬಾಯಿಗೆ ಹೇಳುವುದು ಉಳಿಯಿತು. ಅವಳು ಸಂತೆಯ ದಿನ ಬೀದರಕ್ಕೆ ಬಂದಾಗಲೆಲ್ಲ ಆಸ್ಪತ್ರೆಯ ಗೇಟಿನ ಬೇವಿನ ಮರದ ಕೆಳಗೆ ಕೂರುವಳು. "ಆತೇನ್ರಿ ಅಕ್ಕೋರೆ? ಮಷೀನ ಚಾಲೂ ಆತೇನ್ರಿ?" ಕರುಣಾ "ಇನ್ನೂ ನೋಡ್ಲಾಕತ್ತಾರ, ಮುಂದಿನ ವಾರ ಬಾ" ಎನ್ನುವಳು. ಒಳಗೆ ಮಷೀನು ಗುಂಯ್ ಎಂದು ಓಡುತ್ತಲೇ ಇರುತ್ತಿತ್ತು. ಮನೆಯಲ್ಲಿ ಗಂಡ ಜಾಕ್ಸನ, "ಹೇಳಿಬಿಡು, ಆಕೀಗಿ ಹಿಂಗ ತಿರಗಿಸಬ್ಯಾಡ" ಎಂದು ಬೈದ. "ಹೇಳಿದ್ರ ಆಕೀಗಿ ಇರೋ ಒಂದು ಬಾಗಲಾನೂ ನಾನೇ ಹಾಕಿದಂಗ ಆಗ್ತದ" ಎಂದಳು ಕರುಣಾ. ಚರ್ಚಿನಲ್ಲಿ ಮೊಣಕಾಲೂರಿದಾಗ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ದೇವರಿಗೂ ಏನೆಂದು ಹೇಳುವುದು, ಬಾಗಿಲು ತೆಗಿ ಎಂದೇ?

ಒಂದು ಆಸೆ ಉಳಿದಿತ್ತು, ಔರಾದಿನದು. ಕಂಪ್ಯೂಟರ್ ಒಮ್ಮೊಮ್ಮೆ ಚಾಲೂ ಆಗುತ್ತಿತ್ತು ಎಂದು ಹಬೀಬ ಹೇಳಿದ್ದನಲ್ಲ! ಆ ದಿನ ಎಲ್ಲಾದರೂ ಒಂದು ಗಳಿಗೆ ಜೀವ ಬಂದು, ತನ್ನ ಪಾಲನ್ನು ಒಯ್ದಿದ್ದರೆ? ಒಯ್ದಿದ್ದರೆ ಬೀದರದ ಡಿಸ್ಕು ತುಂಬುತ್ತಲೇ ಇರಲಿಲ್ಲ ಎಂಬುದು ಕರುಣಾಳಿಗೆ ಗೊತ್ತಿತ್ತು. ಗೊತ್ತಿದ್ದರೇನು, ಮುಳುಗುವವಳು ಹುಲ್ಲುಕಡ್ಡಿಯ ಗಟ್ಟಿತನ ಪರೀಕ್ಷಿಸುತ್ತಾಳೆಯೇ? ಜನಾಬಾಯಿಯನ್ನೂ ಕರೆದುಕೊಂಡು ಔರಾದಿನ ಬಸ್ಸು ಹತ್ತಿದಳು.

ದಾರಿಯುದ್ದಕ್ಕೂ ಜನಾಬಾಯಿ ಮಗನ ಮಾತನ್ನೇ ಆಡಿದಳು. ಅವನು ಸಿಳ್ಳೆ ಹಾಕಿದರೆ ಕುರಿಗಳೆಲ್ಲ ತಿರುಗಿ ನಿಲ್ಲುತ್ತವಂತೆ. ಬಾಯಿ ಬಾರದಿದ್ದರೂ ಸಿಳ್ಳೆ ಬರುತ್ತದಂತೆ. "ದಿನಾ ಅವನ ಪಾಲಿಂದು ಒಂದು ರೊಟ್ಟಿ ಎತ್ತಿಡ್ತೇನ್ರಿ. ಎಲ್ಲಿಗಿ ಹೋದ್ರೂ ಕಟಗೊಂಡೇ ಹೋಗ್ತೇನಿ, ಎಲ್ಲ್ಯಾರ ಸಿಕ್ಕರ ಹಸದಿರ್ತಾನಂತ. ಸಂಜಿಕಿ ಕುರಿಗಿ ಹಾಕ್ತೇನಿ." ಕರುಣಾ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಔರಾದಿನ ಶಾಖೆಯಲ್ಲಿ ಹಬೀಬ ಧೂಳು ಒರೆಸಿ ಗುಂಡಿ ಒತ್ತಿದ. ಒಂದೆರಡು ಸಲ ಕೆಮ್ಮಿ ಕಂಪ್ಯೂಟರ್ ಎದ್ದಿತು. ಕರುಣಾ ಕೊನೆಯ ದಾಖಲೆ ನೋಡಿದಳು. ಮಳೆಗಾಲದ ಒಂದು ದಿನ, ಯಾರಿಗೋ ಚೇಳು ಕಡಿದದ್ದು. ಅಲ್ಲಿಂದ ಮುಂದೆ ಏನೂ ಇರಲಿಲ್ಲ.

ಇಬ್ಬರೂ ಬಸ್‌ಸ್ಟ್ಯಾಂಡಿಗೆ ಬಂದು ಸಿಮೆಂಟಿನ ಕಟ್ಟೆಯ ಮೇಲೆ ಕೂತರು. "ಇಲ್ಲೇ ಕುಂದರ್ಸಿ ಹೋಗಿದ್ದೆರಿ ಅವಂಗ" ಎಂದಳು ಜನಾಬಾಯಿ. ಇನ್ನು ತಡೆಯಲು ಕರುಣಾಳಿಂದ ಆಗಲಿಲ್ಲ.

"ಜನಾಬಾಯಿ, ನಿನಗ ಒಂದು ಮಾತು ಹೇಳಬೇಕಾಗ್ಯಾದ. ನೀ ಮೊದಲ ಸಲ ಬಂದಿದ್ದಿಯಲ್ಲ, ಅವತ್ತೇ ನಾ ಅದನ್ನ ತೆಗದುಬಿಟ್ಟೆ."

ಜನಾಬಾಯಿ ಗಕ್ಕನೆ ಅವಳ ಎರಡೂ ಕೈ ಹಿಡಿದಳು. ಮುಖ ಅರಳಿತು, ಕಣ್ಣಲ್ಲಿ ನೀರು ಚಿಮ್ಮಿತು. "ತೆಗದ್ರೇನ್ರಿ? ಅವತ್ತೇ ತೆಗದ್ರೇನ್ರಿ? ಯವ್ವಾ, ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲರಿ! ಎಲ್ಲಿ ಅದಾನ್ರಿ ನನ್ನ ರವ್ಯಾ? ಯಾವ ಊರಾಗ ಅದಾನ? ಹೇಳ್ರಿ, ಇಲ್ಲಿಂದೇ ಹೋಗಮು!"

ಅದೇ ಮಾತು, ಮತ್ತೆ. ಒಂದು ಸಲ ಹೇಳಲು ಇಷ್ಟು ದಿನ ಹಿಡಿದಿತ್ತು. ಈಗ ಈ ನಗುವ ಮುಖದ ಮುಂದೆ ಎರಡನೆಯ ಸಲ ಹೇಳಬೇಕು.

"ಖೋಲಲಿಲ್ಲ ಜನಾಬಾಯಿ. ಅಳಿಸಿದೆ. ತಿಳೀಲಾರದ ಅಳಿಸಿ ಹಾಕಿದೆ. ಅವಂಗ ಒಯ್ದವನ ಕಾರ್ಡು, ಹೆಸರು, ನಂಬರ್, ಏನೂ ಉಳದಿಲ್ಲ. ಔರಾದಿನಾಗೂ ಇಲ್ಲ. ಎಲ್ಲೀನೂ ಇಲ್ಲ."

ಜನಾಬಾಯಿ ಕೈ ಬಿಡಲಿಲ್ಲ. ಹಿಡಿದ ಕೈ ಹಾಗೇ ಇತ್ತು, ಹಿಡಿತ ಮಾತ್ರ ಹೋಯಿತು. ಬೈಯಲಿಲ್ಲ. ಬೈದು, ನೆಲಕ್ಕೆ ಹಣೆ ಚಚ್ಚಿಕೊಂಡು ಅತ್ತಿದ್ದರೆ ಕರುಣಾಳಿಗೂ ಅಳು ಬರುತ್ತಿತ್ತು. ಭಾಲ್ಕಿಯ ಬಸ್ಸು ಬಂದು ನಿಂತಿತು. ಕಂಡಕ್ಟರ್ ಊರುಗಳ ಹೆಸರು ಕೂಗಿದ. ಜನ ಹತ್ತಿದರು, ಬಸ್ಸು ಹೋಯಿತು. ಜನಾಬಾಯಿ ಅದು ಹೋದ ಕಡೆ ನೋಡುತ್ತಾ ಕೂತಳು.

ಆಮೇಲೆ ಗಂಟು ಬಿಚ್ಚಿ ರೊಟ್ಟಿ ತೆಗೆದು ಕರುಣಾಳ ಕೈಯಲ್ಲಿಟ್ಟಳು.

"ತಿನ್ರಿ ಅಕ್ಕೋರೆ. ಮುಂಜಾನಿಂದ ಏನೂ ತಿಂದಿಲ್ಲ ನೀವು."

"ಇದು ಅವನ ಪಾಲಿಂದಲ್ಲೇನ?"

"ಹೌದ್ರಿ" ಎಂದಳು ಜನಾಬಾಯಿ, ಖಾಲಿ ಬಟ್ಟೆಯನ್ನು ಕೊಡವಿ ಮಡಿಸುತ್ತಾ. "ಇನ್ನ ಯಾರಿಗಿ ಇಡ್ಲಿ?"